ಮೌಲಾಸಾಬರ ಪೆಟ್ಟಿಗೆ, ಗುಲ್ಜಾರ್‌ಬೀಯ ಹೂವು

ಚನ್ನಗಿರಿಯ ಪೇಟೆ ಬೀದಿಯಲ್ಲಿ ಇನ್ನೂ ಗಾಡಿಗಳ ಓಡಾಟವಿಲ್ಲ. ಧೂಳೆದ್ದರೆ ಹಸಿ ಬಣ್ಣಕ್ಕೆ ಅಂಟಿಕೊಳ್ಳುತ್ತದೆಂದು ಗುಲ್ಜಾರ್‌ಬೀ ಬೆಳಕು ಹರಿಯುವ ಹೊತ್ತಿಗೇ ಹಿತ್ತಿಲಲ್ಲಿ ಮದುಮಗಳಿಗೆ ಕೊಡುವ ತಗಡಿನ ಪೆಟ್ಟಿಗೆಯ ಮೇಲೆ ಹೂವು ಬರೆಯಲು ಕೂತಿದ್ದಾರೆ. ಪಕ್ಕದ ತಂಬಿಗೆಯಲ್ಲಿ ಸೇವಂತಿಗೆ, ಕನಕಾಂಬರ. ಎಸಳೆಸಳಾಗಿ ಗೀಚುವ ಪೈಕಿಯಲ್ಲ ಈಕೆ. ಹೆಬ್ಬೆರಳಿನಿಂದ ಹಳದಿ ಒತ್ತುತ್ತಾರೆ, ಅದು ಒಣಗುವ ಮೊದಲೇ ಮೇಲೊಂದಿಷ್ಟು ಬಿಳಿ ಎಳೆಯುತ್ತಾರೆ. ಹತ್ತಿರದಿಂದ ನೋಡಿದರೆ ಬರೀ ಬಣ್ಣದ ಕಲೆ. ತುಸು ಹಿಂದೆ ಸರಿದರೆ ಎಳೆಬಿಸಿಲು ಬಿದ್ದ ಸೇವಂತಿಗೆ, ಇಬ್ಬನಿ ಸಮೇತ.

"ಮದುವೆ ಮನೇಲಿ ಪೆಟ್ಟಿಗೆಗೆ ಮೂಗು ಹಚ್ಚಿ ನೋಡ್ತಾರೇನ್ರೀ? ಪಡಸಾಲೆ ಆಕಡೆಯಿಂದ ನೋಡ್ತಾರೆ. ಅಲ್ಲಿಗೆ ಕಾಣಂಗೆ ಬರೀತೀನಿ."

ಜಗಳೂರಿನಲ್ಲಿ ಗಾಡಿಗಳಿಗೆ ಬಣ್ಣ ಬಳಿಯುತ್ತಿದ್ದ ಅಪ್ಪನಿಂದ ಕಲಿತ ವಿದ್ಯೆ ಇದು. ಸೀಮೆಎಣ್ಣೆಯಲ್ಲಿ ತೊಳೆದು ತೊಳೆದು ಬೆರಳೆಲ್ಲ ಬಿರುಕು ಬಿಟ್ಟಿವೆ. ತಗಡು ಬಡಿಯುವವರು ಗಂಡ ಮೌಲಾಸಾಬ್. ಅಂಗಡಿ ಅವರದು, ಹೆಸರೂ ಅವರದು. ಹೊನ್ನಾಳಿ, ನ್ಯಾಮತಿಯ ಮದುವೆಗಳಿಗೂ ಹೋಗುವ ಈ ಹೂವುಗಳನ್ನು ಜನ 'ಮೌಲಾಸಾಬರ ಹೂವು' ಎನ್ನುತ್ತಾರೆ. ಕೇಳಿದರೆ ಗುಲ್ಜಾರ್‌ಬೀಗೆ ಮೈ ಉರಿಯುತ್ತದೆ.

ಹೋದ ವಾರ ಅಡಿಕೆ ವ್ಯಾಪಾರಿ ಬಂಗಾರಪ್ಪನವರು ಮಗಳ ಮದುವೆಗೆ ಹೇಳಿದ್ದ ಪೆಟ್ಟಿಗೆ ನೋಡಲು ಬಂದು ಮುಖ ಸಿಂಡರಿಸಿದರು.

"ಇದ್ಯಾವ ಹೂವು ಸಾಬ್ರೆ? ಎಸಳೇ ಇಲ್ಲ! ಸುತ್ತ ಗೀಟು ಹಾಕ್ರಿ, ಇಲ್ಲಂದ್ರೆ ಪೆಟ್ಟಿಗೆ ಬ್ಯಾಡ."

ಮೌಲಾಸಾಬರು ಕುಂಚ ಹಿಡಿದು ಹೂವಿಗೆಲ್ಲ ಕಪ್ಪು ಗೀಟು ಎಳೆದೇಬಿಟ್ಟರು. ಬರೆದವಳನ್ನು ಒಂದು ಮಾತು ಕೇಳುವುದಿಲ್ಲವೇ? ಅಂಗಡಿಗೂ ಮನೆಗೂ ನಡುವಿನ ಪರದೆಯ ಹಿಂದಿದ್ದ ಗುಲ್ಜಾರ್‌ಬೀಗೆ ಸಿಟ್ಟು ನೆತ್ತಿಗೇರಿತು. ಎಂದೂ ಅಂಗಡಿಗೆ ಕಾಲಿಡದವರು ಸೀಮೆಎಣ್ಣೆ ಬಟ್ಟೆ ಹಿಡಿದು ಹೊರಗೆ ಬಂದರು, ಹಸಿ ಗೀಟನ್ನೆಲ್ಲ ಒರೆಸಿ ಹಾಕಿದರು. ಹೂವಿನ ಬಣ್ಣ ಎಂದೋ ಒಣಗಿತ್ತು, ಅಲುಗಲಿಲ್ಲ.

"ಬೀದಿ ಆಕಡೆ ನಿಂತು ನೋಡ್ರಿ. ಆಮೇಲೆ ಬ್ಯಾಡ ಅನ್ರಿ."

ಬಂಗಾರಪ್ಪನವರು ಗೊಣಗುತ್ತಲೇ ಬೀದಿ ದಾಟಿದರು. ತಿರುಗಿ ನೋಡಿದವರ ಗೊಣಗಾಟ ನಿಂತೇ ಹೋಯಿತು.

"ಅಲೆಲೆ, ಈಗ ಕಿತ್ತು ತಂದಂಗೈತಲ್ಲ! ಏನ್ ಕೈ ರೀ ಸಾಬ್ರೆ ನಿಮ್ದು!"

ಮೌಲಾಸಾಬರು ತಲೆದೂಗಿ ನಕ್ಕರು. ಅವರ ಬೆರಳಿಗೆ ಮೆತ್ತಿದ್ದ ಕಪ್ಪು ಬಣ್ಣ ಇನ್ನೂ ಆರಿರಲಿಲ್ಲ. ಗುಲ್ಜಾರ್‌ಬೀ ಬಟ್ಟೆಯನ್ನು ಅಲ್ಲೇ ಬಿಸಾಕಿ ಒಳಗೆ ಹೋದರು.

ನಿಮಗೇನು ಆಸೆ ಎಂದು ಕೇಳಿದರೆ ಅವರು ಪೆಟ್ಟಿಗೆಯಿಂದ ಕಣ್ಣೆತ್ತುವುದಿಲ್ಲ.

"ನನ್ನ ಹೆಸರು ಬರೀರಿ ಅಂತ ಕೇಳಲ್ಲ. ಯಾರಾದ್ರೂ ಹೂವು ಹೊಗಳಿದಾಗ ಇವರು ನಗಬಾರದು. 'ನಾನಲ್ಲ' ಅನ್ಬೇಕು. ಅಷ್ಟೇ ರೀ."