ಒಳಗೆಳೆದ ಹೌದು

ಮಾರಿತಾ ಲುಂಡ್‌ಮಾರ್ಕ್ ತನ್ನ ಸಿಟ್ಟನ್ನು ಹನ್ನೊಂದು ವರ್ಷ ಆರದಂತೆ ನೋಡಿಕೊಂಡ ಹೆಂಗಸು. ಬೋರೋಸ್ ಎಂಬ ಊರಿನ ಶಾಲೆಯೊಂದರ ಅಡುಗೆಮನೆಯಲ್ಲಿ ನಾವಿಬ್ಬರೂ ಅಕ್ಕಪಕ್ಕ ನಿಂತು ದಿನಾ ಮುನ್ನೂರು ಮಕ್ಕಳಿಗೆ ಬೇಯಿಸಿ ಹಾಕುತ್ತಿದ್ದೆವು. ಸಿಟ್ಟು ಅವಳದು, ನಿಜ. ಆದರೆ ಅದಕ್ಕೆ ಆಗಾಗ ಸೌದೆ ಒಟ್ಟಿದವಳು ನಾನೇ, ಅದನ್ನೇಕೆ ಮುಚ್ಚಿಡಲಿ?

ಅವಳು ಬಡಗಣ ಶೆಲ್ಲೆಫ್ಟಿಯೊ ಕಡೆಯವಳು. ಆ ಕಡೆಯವರು ಹೌದು ಎನ್ನಲು ಮಾತು ಖರ್ಚು ಮಾಡುವುದಿಲ್ಲ. ತುಟಿ ದುಂಡಗೆ ಮಾಡಿ ಗಾಳಿಯನ್ನು ಒಳಕ್ಕೆಳೆಯುತ್ತಾರೆ, 'ಶ್ಶುಪ್', ಅಷ್ಟೇ. ಮೊದಲ ವಾರ ನಾನು "ಉಪ್ಪು ಹಾಕಿದ್ಯೇನೇ?" ಎಂದು ನಾಲ್ಕು ಸಲ ಕೇಳಿದೆ, ಅವಳು ನಾಲ್ಕು ಸಲವೂ ಗಾಳಿ ಎಳೆದಳು. ಅದು ಹೌದು ಎಂದು ನನಗೆ ತಿಳಿಯದೆ ನಾನೂ ಉಪ್ಪು ಹಾಕಿದೆ, ಅಂದಿನ ಸೂಪು ಮೋರಿಗೆ ಹೋಯಿತು.

ಅವಳಿಗೆ ದನಿಯಿತ್ತು. ಚರ್ಚಿನಲ್ಲಿ ಅವಳು ಹಾಡಿದ್ದನ್ನು ಕೇಳಿ ನಮ್ಮೂರಿನ ಕೊನ್ನಿ ಎಂಬವನು ತನ್ನ ನೆಲಮಾಳಿಗೆಯ ಸ್ಟುಡಿಯೊಗೆ ಕರೆದ. 'ರೋಸಾ ಟ್ರಾಫಿಕ್' ಎಂಬ ಅವನ ಡ್ಯಾನ್ಸ್ ತಂಡದ ಮೊದಲ ಆಲ್ಬಂಗೆ ಅವಳೇ ಹಾಡಿದಳು. ಪಲ್ಲವಿಗೆ ಮುಂಚೆ ಅವನು ಗಾಜಿನಾಚೆಯಿಂದ "ರೆಡಿನಾ?" ಎಂದು ಕೇಳಿದ. ಇವಳು ಶ್ಶುಪ್ ಎಂದಳು. ಟೇಪು ಓಡುತ್ತಿತ್ತು. ಅದೇನೋ ಹೊಸ ಕಸರತ್ತು ಎಂದುಕೊಂಡ ಆ ತೆಂಕಣ ಪೆದ್ದ ಅದನ್ನು ಹಾಗೇ ಉಳಿಸಿದ. ಆ ವರ್ಷ ದೇಶದಲ್ಲೆಲ್ಲ ಹುಡುಗರು ಹುಡುಗಿಯರು ಶ್ಶುಪ್ ಎಂದು ಉಸಿರೆಳೆದೇ ಕುಣಿದರು.

ಕವರಿನ ಮೇಲೆ ಮಾತ್ರ ಪೆರ್ನಿಲ್ಲಾ ಎಂಬ ಚೆಲುವೆ. ವೇದಿಕೆಯ ಮೇಲೆ ಬಾಯಿ ಆಡಿಸಿದವಳೂ ಅವಳೇ. ಮಾರಿತಾಳ ಹೆಸರು ಹಿಂಬದಿಯ ಸಣ್ಣಕ್ಷರದಲ್ಲೂ ಇರಲಿಲ್ಲ.

"ನಿನ್ನ ದನಿ ಚಿನ್ನ ಕಣೇ," ಎಂದಿದ್ದನಂತೆ ಕೊನ್ನಿ. "ಆದ್ರೆ ಈ ಮೋರೆ ಹಾಕಿದ್ರೆ ಯಾರು ಮುಟ್ತಾರೆ ಹೇಳು?"

ಹಾಗಂದವನ ಕಪಾಳಕ್ಕೆ ನಾನಾಗಿದ್ದರೆ ಅಲ್ಲೇ ಬಾರಿಸುತ್ತಿದ್ದೆ. ಮಾರಿತಾ ಕೋಟು ಹಾಕಿಕೊಂಡು ಮನೆಗೆ ಬಂದಳು. ಅದನ್ನೂ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಅವಳ ಮಗಳು ಮಾಲಿನ್, ಆಗ ಒಂಬತ್ತು ವರ್ಷದವಳು, ಕ್ಲಾಸಿನಲ್ಲಿ ಎದ್ದು ನಿಂತು "ಇದನ್ನ ಹಾಡಿರೋದು ನಮ್ಮಮ್ಮ" ಎಂದುಬಿಟ್ಟಿದ್ದಳು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಅವಳು ಅಳುತ್ತಾ ಮನೆಗೆ ಬಂದು, "ಇನ್ಮೇಲೆ ಸುಳ್ಳು ಹೇಳ್ಬೇಡಮ್ಮ" ಎಂದಳು. ಆ ದಿನದಿಂದ ಮಾರಿತಾ ಮನೆಯಲ್ಲಿ ಒಂದು ಸಾಲೂ ಹಾಡಲಿಲ್ಲ. ಕೊನ್ನಿಯ ಮೇಲೆ ಅವಳಿಗಿದ್ದ ಲೆಕ್ಕ ಇದೊಂದೇ.

ಹನ್ನೊಂದು ವರ್ಷದ ಮೇಲೆ ರೋಸಾ ಟ್ರಾಫಿಕ್‌ನ ಮೂರನೇ ಆಲ್ಬಂ ಬಂತು. ಈ ಸಲ ಪೆರ್ನಿಲ್ಲಾ ನಿಜವಾಗಿ ತಾನೇ ಹಾಡಿದ್ದಳು. ಒಂದು ಗುರುವಾರ ಬೆಳಿಗ್ಗೆ ಊರಿನ ರೇಡಿಯೊ ಅವಳನ್ನೂ ಕೊನ್ನಿಯನ್ನೂ ಕೂರಿಸಿಕೊಂಡು, ಕೇಳುಗರೇ ಫೋನು ಮಾಡಿ ಹೇಗಿದೆ ಹೇಳಿ ಎಂದಿತು. ನಾವು ವಾಡಿಕೆಯಂತೆ ಗುರುವಾರದ ಬಟಾಣಿ ಸೂಪು ಕುದಿಯಲು ಇಟ್ಟಿದ್ದೆವು. ರೇಡಿಯೊ ದೊಡ್ಡದು ಮಾಡಿದವಳು ನಾನು.

"ನಿನ್ನೆ ಕರಿದ ಮೀನನ್ನ ಇವತ್ತು ಬಿಸಿ ಮಾಡಿದ ಹಾಗಿದೆ," ಎಂದ ಒಬ್ಬ ಮುದುಕ.

"ಕುಣಿಯೋಣ ಅಂತ ಎದ್ದೆ, ಆಕಳಿಕೆ ಬಂತು," ಎಂದಳು ಒಬ್ಬಳು ನರ್ಸು.

ನನಗೆ ಹೊಟ್ಟೆ ತಣ್ಣಗಾಗುತ್ತಿತ್ತು. ಮಾರಿತಾ ಸೂಪು ತಿರುವುತ್ತಿದ್ದಳು. ಆಮೇಲೆ ಒಬ್ಬ ಲಾರಿ ಚಾಲಕ ಕೇಳಿದ: "ಅಲ್ಲಮ್ಮ ಪೆರ್ನಿಲ್ಲಾ, ಆ ಉಸಿರು ಎಲ್ಲೋಯ್ತು? ಒಂದ್ಸಲ ಎಳೆದು ತೋರ್ಸು ನೋಡೋಣ."

ಪೆರ್ನಿಲ್ಲಾ ಎಳೆದಳು. ಮೂಗು ಕಟ್ಟಿದ ಮಗು ಸೂಪು ಹೀರಿದ ಹಾಗಿತ್ತು. "ನೆಗಡಿ," ಎಂದಳು. ನಿರೂಪಕ ನಕ್ಕ. ಕೊನ್ನಿ ಅವಳ ಮಾನ ಉಳಿಸಲು ಹೋಗಿ, "ಅದು ಮನುಷ್ಯರ ಉಸಿರೇ ಅಲ್ಲ, ನಾನು ಯಂತ್ರದಲ್ಲಿ ಮಾಡಿದ್ದು," ಎಂದ.

ಮಾರಿತಾಳ ಸೌಟು ನಿಂತಿತು.

"ಯಂತ್ರವಂತೆ! ಮಾಡೇ ಫೋನು," ಎಂದೆ ನಾನು. "ಹನ್ನೊಂದು ವರ್ಷದಿಂದ ನನ್ನ ಕಿವಿ ತಿಂದಿದ್ದೀಯ, ಇವತ್ತು ಅವನ ಕಿವಿ ತಿನ್ನು."

ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡು ಗೋಡೆಯ ಫೋನು ಎತ್ತಿದಳು. ಆರನೇ ಯತ್ನಕ್ಕೆ ಲೈನು ಸಿಕ್ಕಿತು.

"ನಾನು ಮಾರಿತಾ ಲುಂಡ್‌ಮಾರ್ಕ್, ಶಾಲೆ ಅಡುಗೆಯವಳು."

ರೇಡಿಯೊದಲ್ಲಿ ಕೊನ್ನಿ ಕೆಮ್ಮಿದ್ದು ಕೇಳಿಸಿತು. ನಿರೂಪಕನಿಗೇನು ಗೊತ್ತು ಪಾಪ, "ಹೇಳು ಮಾರಿತಾ, ನಿನಗೂ ಹಳೇ ಆಲ್ಬಮ್ಮೇ ವಾಸಿ ಅನ್ಸುತ್ತಾ?" ಎಂದು ಕೇಳಿದ.

ನಾನು ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಗುಳ ಹುಡುಕಿ ಕೊಡಲೂ ಸಿದ್ಧಳಾಗಿದ್ದೆ. ಅವಳು ಕಣ್ಣು ಮುಚ್ಚಿ ಉತ್ತರ ಕೊಟ್ಟಳು.

ಶ್ಶುಪ್.

ಅತ್ತ ನಿರೂಪಕ ಮೆಲ್ಲಗೆ, "ಇನ್ನೊಂದ್ಸಲ?" ಎಂದ. ಇವಳು ಮತ್ತೊಮ್ಮೆ ಉಸಿರೆಳೆದು, ಹಿಂದೆಯೇ ಪಲ್ಲವಿಯನ್ನೂ ಹಾಡಿ ಮುಗಿಸಿದಳು. ಕುರ್ಚಿಯೊಂದು ಹಿಂದೆ ಸರಿದ ಸದ್ದು ಬಂತು. ಪೆರ್ನಿಲ್ಲಾ ಎದ್ದು ಹೊರಟಿದ್ದಳೆಂದು ಆಮೇಲೆ ತಿಳಿಯಿತು.

ಫೋನು ಇಟ್ಟ ಐದು ನಿಮಿಷಕ್ಕೆ ಅದೇ ಫೋನು ಬಡಿದುಕೊಂಡಿತು. ಮಾಲಿನ್, ಈಗ ಇಪ್ಪತ್ತರ ಹುಡುಗಿ, ತಾನು ಕೆಲಸ ಮಾಡುವ ಬೇಕರಿಯಿಂದ ಮಾಡಿದ್ದಳು. ಅಳು ನನಗೂ ಕೇಳುವಷ್ಟು ಜೋರಾಗಿತ್ತು. "ಅಮ್ಮಾ, ನೀನು ಸುಳ್ಳು ಹೇಳಿರ್ಲಿಲ್ಲ." ಮಾರಿತಾ ಫೋನನ್ನು ಕಿವಿಗೊತ್ತಿಕೊಂಡು ನಿಂತೇ ಇದ್ದಳು. ಸೂಪು ತಳ ಹಿಡಿಯಿತು, ನಾವು ಹಾಗೇ ಬಡಿಸಿದೆವು.

ಮುಂದಿನ ಗುರುವಾರ ಕೊನ್ನಿ ಬಂದ. ಊಟದ ಹಾಲ್‌ನಲ್ಲಿ ಮಕ್ಕಳ ಸಾಲಿನ ಹಿಂದೆ ತಟ್ಟೆ ಹಿಡಿದು ನಿಂತ. "ನೀವು ಮುಂದೆ ಹೋಗಿ" ಎಂದು ಯಾರೂ ಅನ್ನಲಿಲ್ಲ, ನಾನಂತೂ ಸತ್ತರೂ ಅನ್ನುತ್ತಿರಲಿಲ್ಲ. ಅರ್ಧ ಗಂಟೆ ನಿಂತು ಅವಳ ಮುಂದೆ ಬಂದ.

"ಆಗಿದ್ದು ಆಗೋಯ್ತು ಮಾರಿತಾ. ಅಂಗಡಿಯವರು ಹೊಸ ಆಲ್ಬಂ ವಾಪಸ್ ಕಳಿಸ್ತಿದ್ದಾರೆ. ನಾನು ಮುಳುಗ್ತಿದ್ದೀನಿ ಕಣೇ. ಮುಂದಿನದನ್ನ ನೀನು ಹಾಡು. ಕವರ್ ಮೇಲೆ ನಿನ್ನದೇ ಮುಖ. ಏನಂತೀಯ?"

ಮಾರಿತಾ ಅವನ ತಟ್ಟೆಗೆ ಸೂಪು ಬಡಿಸಿದಳು. ಪಕ್ಕದಲ್ಲಿ ಎರಡು ಪ್ಯಾನ್‌ಕೇಕ್ ಇಟ್ಟಳು. ಮುನ್ನೂರು ಮಕ್ಕಳು ಚಮಚ ಕೆಳಗಿಟ್ಟು, ಅವಳ ತುಟಿ ದುಂಡಗಾಗುವುದನ್ನೇ ಕಾಯುತ್ತಿದ್ದರು. ಕೊನ್ನಿಯೂ ಕಾಯುತ್ತಿದ್ದ.

ಇಲ್ಲ ಎನ್ನುವುದನ್ನು ಉಸಿರು ಒಳಗೆಳೆದು ಹೇಳಲು ಬಡಗಣದವರಿಗೂ ಬರುವುದಿಲ್ಲ. ಅದಕ್ಕೆ ಬಾಯಿ ತೆರೆಯಲೇಬೇಕು. ಅವಳು ತೆರೆದಳು. ಪಲ್ಲವಿಯ ಅದೇ ಎತ್ತರದ ಸ್ವರದಲ್ಲಿ, ಹಾಲ್‌ನ ಕೊನೆಯ ಮೇಜಿನವರೆಗೂ ಕೇಳುವಂತೆ, ಆ ಒಂದೇ ಮಾತನ್ನು ಹಾಡಿ ಹೇಳಿದಳು.