ಕೆಂಪಮ್ಮ ಮುಟ್ಟದ ಅನ್ನ

ನಾನು ಹೆಮ್ಮೆಯಿಂದ ಬಡಿಸಿದ ಅನ್ನವನ್ನು ನಾಟಿಗೆ ಬಂದಿದ್ದ ಕೆಂಪಮ್ಮ ಮುಟ್ಟಲೇ ಇಲ್ಲ. ಹೊಸ ನಾಲೆಯ ನೀರಿನಲ್ಲಿ ನಾವು ಬೆಳೆದ ಮೊದಲ ಅಕ್ಕಿ ಅದು. ಮದ್ದೂರು ಪೇಟೆಯಿಂದ ಸೊಸೆಯಾಗಿ ಬಂದಿದ್ದ ನನಗೆ ಗದ್ದೆಗೆ ಹಬ್ಬದೂಟವನ್ನೇ ತಂದ ಸಂಭ್ರಮ.

“ಯಾಕೆ, ರುಚಿಯಿಲ್ಲವೇ?” ಎಂದೆ.

“ರುಚಿಯೇನೋ ಅದೆ ಕಣವ್ವ. ಕುಂತು ಉಣ್ಣೋರ್ಗೆ ಅನ್ನ ಸರಿ. ಬಗ್ಗಿ ನಾಟಿ ಆಕೋರ್ಗೆ ಮುದ್ದೆನೇ ಆಗ್ಬೇಕು,” ಎಂದವಳೇ ತನ್ನ ಬುತ್ತಿಯ ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿಕೊಂಡಳು.

ನನಗೆ ಸಿಟ್ಟು ಬಂತು. ಆದರೆ ಬದುವಿನ ಮೇಲೆ ಸುಮ್ಮನೆ ಕೂತು ಅನ್ನ ಉಂಡ ನನಗೇ ಹೊತ್ತಿಳಿಯುವ ಮೊದಲು ಹಸಿವಾಯಿತು. ಅವಳೋ ಪದ ಹೇಳುತ್ತ, ಮಬ್ಬಾಗುವ ತನಕ ಬಗ್ಗಿದ ಸೊಂಟ ಎತ್ತಲಿಲ್ಲ.

ಮರುದಿನ ನಾನೇ ಕೋಲು ಹಿಡಿದು ಮುದ್ದೆ ತೊಳಸಿ ಗದ್ದೆಗೆ ಹೊತ್ತೆ. ಮುದ್ದೆಯ ತುಂಬ ಬರೀ ಹಿಟ್ಟಿನ ಗಂಟು. ಕೆಂಪಮ್ಮ ನೋಡಿ ನಕ್ಕಳು; ಒಂದು ತುತ್ತೂ ಬಿಡದೆ ಉಂಡಳು.