ಪಾಪಕ್ಕನ ಹನ್ನೊಂದು ಕುಂಡ

ಪಾಪಕ್ಕನ ಬಾಯಿ ಜೋರು ಎಂದು ಈಗ ನಮ್ಮ ಕಚೇರಿಯಲ್ಲಿ ಎಲ್ಲರೂ ಹೇಳುತ್ತಾರೆ. ಒಂಬತ್ತು ವರ್ಷ ಬಾಯಿ ಮುಚ್ಚಿಕೊಂಡು ಇದೇ ಕಚೇರಿಯ ಕಸ ಗುಡಿಸಿದ್ದು ಮಾತ್ರ ಒಬ್ಬರಿಗೂ ನೆನಪಿಗೆ ಬರುವುದಿಲ್ಲ. ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮಧುಗಿರಿಯ ಯಾವ ಕಚೇರಿ ಎಂದು ಕೇಳಬೇಡಿ. ನಾನು ಇನ್ನೂ ಅಲ್ಲೇ ಗುಮಾಸ್ತ. ಹೆಸರು ಹೇಳುವಷ್ಟು ಧೈರ್ಯ ನನಗಿದ್ದಿದ್ದರೆ ಪಾಪಕ್ಕನಿಗೆ ಈ ಗತಿಯೇ ಬರುತ್ತಿರಲಿಲ್ಲ.

ಪಾಪಕ್ಕನ ತವರು ಕಳ್ಳಂಬೆಳ್ಳದ ಕಡೆ. ಮದುವೆಗೆ ಮುಂಚೆ ಅಲ್ಲಿನ ಸೇವಂತಿಗೆ ಹೊಲಗಳಲ್ಲಿ ಕೂಲಿ ಮಾಡಿದಾಕೆ. ಗಂಡನ ಮನೆ ಸಿದ್ದರಬೆಟ್ಟದ ಹತ್ತಿರ ಒಂದು ಹಳ್ಳಿ. ಅಲ್ಲಿಂದ ದಿನಾ ಮೊದಲನೇ ಬಸ್ಸು ಹಿಡಿದು ಎಂಟು ಗಂಟೆಗೆಲ್ಲ ಕಚೇರಿ ಗೇಟಿನಲ್ಲಿರುತ್ತಾಳೆ. ಗುತ್ತಿಗೆ ಕೆಲಸ. ಗುಡಿಸುವುದು, ಒರೆಸುವುದು, ಕಕ್ಕಸು ತೊಳೆಯುವುದು, ಅಷ್ಟೇ. ಗಿಡ ನೋಡಿಕೊಳ್ಳುವುದು ಆಕೆಯ ಕೆಲಸವೇ ಅಲ್ಲ.

ಆ ಗಿಡಗಳು ಬಂದದ್ದು ಐದು ವರ್ಷದ ಹಿಂದೆ. ಮಡಿಕೇರಿಯಿಂದ ವರ್ಗವಾಗಿ ಬಂದ ಮೇಡಂ ಒಬ್ಬರು ಮನೆ ಸಾಮಾನಿನ ಜೊತೆ ಹನ್ನೊಂದು ಹೈಡ್ರೇಂಜಿಯ ಕುಂಡಗಳನ್ನು ತಂದಿದ್ದರು. ವರ್ಷ ತುಂಬುವ ಮೊದಲೇ ಮತ್ತೆ ವರ್ಗವಾಯಿತು. ಲಾರಿಯಲ್ಲಿ ಜಾಗ ಸಾಲದೆ ಕುಂಡಗಳನ್ನು ಕಚೇರಿಗೇ ಬಿಟ್ಟುಹೋದರು. ಹೋಗುವಾಗ ಪಾಪಕ್ಕನನ್ನು ಕರೆದು, "ಇದಕ್ಕೆ ಬಿಸಿಲು ಆಗಲ್ಲ, ನೀರು ತಪ್ಪಿಸಬೇಡ, ಏಪ್ರಿಲ್‌ನಲ್ಲಿ ನೀಲಿ ಹೂ ಬಿಡುತ್ತೆ" ಎಂದು ಹೇಳಿದ್ದಷ್ಟೇ ಆಕೆಗೆ ಸಿಕ್ಕ ತರಬೇತಿ.

ಮಡಿಕೇರಿಯ ಗಿಡ ಮಧುಗಿರಿಯಲ್ಲಿ ಬದುಕುವುದೆಂದರೆ ತಮಾಷೆಯಲ್ಲ. ಎದುರಿಗೇ ಬೋಳು ಬೆಟ್ಟ. ಹಗಲೆಲ್ಲ ಕಾಯುತ್ತದೆ, ಸಂಜೆ ಆ ಕಾವನ್ನೆಲ್ಲ ನಮ್ಮ ಮೇಲೆ ಬಿಡುತ್ತದೆ. ಬೋರ್‌ವೆಲ್ ನೀರು ಹಾಕಿದರೆ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿ ಎಲೆ ಹಳದಿಯಾಗುತ್ತಿತ್ತು. ಪಾಪಕ್ಕ ಕಂಡುಕೊಂಡ ಉಪಾಯಕ್ಕೆ ನಾನು ಇವತ್ತಿಗೂ ತಲೆಬಾಗುತ್ತೇನೆ. ಕಂಪ್ಯೂಟರ್ ರೂಮಿನ ಎ.ಸಿ.ಯಿಂದ ಗೋಡೆಯಾಚೆ ತೊಟ್ಟಿಕ್ಕುವ ನೀರಿಗೆ ಬಕೆಟ್ ಇಟ್ಟಳು. ಬೇಸಿಗೆಯಲ್ಲಿ ದಿನಕ್ಕೆ ಒಂದೂವರೆ ಬಕೆಟ್ ಸಿಗುತ್ತಿತ್ತು. ಹೊಂಗೆ ಮರದಡಿಯ ಕೊಳೆತ ಎಲೆ ತಂದು ಬುಡಕ್ಕೆ ಹಾಸಿದಳು. ಒಂದೇ ತಿಂಗಳಲ್ಲಿ ಎಲೆಗಳು ಹಸುರಾದವು.

ಹೂವು ಮಾತ್ರ ಬಿಡಲಿಲ್ಲ. ಒಂದು ವರ್ಷವಲ್ಲ, ಮೂರು ವರ್ಷ! ನಮ್ಮ ಮ್ಯಾನೇಜರ್ ಲಕ್ಷ್ಮೀಪತಿಗಳು ಹೋಗುತ್ತಾ ಬರುತ್ತಾ, "ಏನಮ್ಮ, ನಿನ್ನ ಹೂವು ನಾವು ರಿಟೈರ್ ಆದ್ಮೇಲೆ ಬಿಡುತ್ತಾ?" ಎಂದು ಕಿಚಾಯಿಸುತ್ತಿದ್ದರು. ಆಕೆಯದು ಬರಡು ಕೈ ಎಂದು ಟೈಪಿಸ್ಟ್ ಒಬ್ಬಳು ಆಡಿಕೊಂಡದ್ದು ಪಾಪಕ್ಕನ ಕಿವಿಗೂ ಬಿತ್ತು. ಆಗಲೂ ಆಕೆ ಬಕೆಟ್ ಎತ್ತಿಕೊಂಡು ಗಿಡಗಳಿಗೆ ನೀರು ಹಾಕಲು ಹೋದಳು.

ಕಾರಣ ಗೊತ್ತಾದದ್ದು ಕಳೆದ ವರ್ಷ. ಪ್ರತಿ ಜನವರಿ ಇಪ್ಪತ್ತೈದಕ್ಕೆ ನಮ್ಮಲ್ಲೊಂದು ಕ್ರಮವಿದೆ. ಧ್ವಜಾರೋಹಣಕ್ಕೆಂದು ಕಲ್ಲಿಗೆ, ಮರಕ್ಕೆ ಸುಣ್ಣ, ಕುಂಡಕ್ಕೆ ಕೆಮ್ಮಣ್ಣು, ಗಿಡಗಳ ತಲೆಯನ್ನೆಲ್ಲ ಒಂದೇ ಸಮಕ್ಕೆ ಕತ್ತರಿಸುವುದು. ಪಾಪಕ್ಕನೂ ಅದಕ್ಕೆ ಕೈಜೋಡಿಸುತ್ತಿದ್ದಳು. ಸೇವಂತಿಗೆಯ ಕುಡಿ ಚಿವುಟಿದರೆ ಹೂ ಜಾಸ್ತಿಯಾಗುತ್ತದೆ, ಇದೂ ಹಾಗೇ ಎಂದುಕೊಂಡಿದ್ದಳು. ಕಳೆದ ವರ್ಷ ಒಂದು ಕುಂಡ ಬಿರುಕು ಬಿಟ್ಟಿತ್ತೆಂದು ಸಾಲಿಗೆ ಇಡದೆ ಜನರೇಟರ್ ಹಿಂದೆ ತಳ್ಳಿದ್ದರು. ಅದಕ್ಕೆ ಕತ್ತರಿ ಬೀಳಲಿಲ್ಲ. ಏಪ್ರಿಲ್ ಇಪ್ಪತ್ತೆರಡಕ್ಕೆ ಆ ಒಂದೇ ಕುಂಡದಲ್ಲಿ ತೆಂಗಿನಕಾಯಿ ಗಾತ್ರದ ಹೂಗೊಂಚಲು ಬಿಟ್ಟಿತು, ತಿಳಿನೀಲಿ.

ಪಾಪಕ್ಕ ನನ್ನ ಕೈ ಹಿಡಿದೇ ಎಳೆದುಕೊಂಡು ಹೋದಳು. "ನೋಡಿ ಸಾ, ಹೋದ್ ವರ್ಸದ್ ಕಡ್ಡಿ ತುದೀಲೇ ಹೂವ ಐತೆ. ನಾವೇ ಕುಯ್ದು ಕುಯ್ದು ಬಿಸಾಕಿದ್ವಲ್ಲ! ನಾನೂ ಸೇರ್ಕಂಡ್ ಕುಯ್ದೆ. ನನ್ ಕೈಗೆ ಬರೆ ಹಾಕ!" ಎಂದು ತನಗೇ ಬೈದುಕೊಂಡಳು.

ಆಮೇಲೆ ಮನಸ್ಸಿನಲ್ಲಿದ್ದುದನ್ನು ಹೇಳಿದಳು. ಏಪ್ರಿಲ್ ಹದಿನಾಲ್ಕರ ಅಂಬೇಡ್ಕರ್ ಜಯಂತಿಗೆ ನಮ್ಮ ಕಚೇರಿಯಲ್ಲಿ ಪೇಟೆಯಿಂದ ಹಾರ ತರಿಸುತ್ತಾರೆ. ಸಾಹೇಬರು ಹಾಕುತ್ತಾರೆ, ಮ್ಯಾನೇಜರ್ ಹಾಕುತ್ತಾರೆ, ಫೋಟೋ ಹಿಡಿಯುತ್ತಾರೆ. ಆ ಹೊತ್ತಿಗೆ ಪಾಪಕ್ಕ ಹಿಂದೆ ಕಾಫಿ ಲೋಟ ತೊಳೆಯುತ್ತಿರುತ್ತಾಳೆ. "ಬರೋ ಸಲ ಬಾಬಾಸಾಹೇಬ್ರ ಪಟಕ್ಕೆ ನಾನ್ ಬೆಳ್ದಿರೋ ಹೂವ ನಾನೇ ಇಡ್ಬೇಕು ಸಾ. ಈ ವರ್ಸ ಎಂಟ್ ದಿನ ತಡ ಆಗೋಯ್ತು. ಹನ್ನೊಂದು ಕುಂಡದಾಗೆ ಒಂದಾದ್ರೂ ಹೊತ್ತಿಗ್ ಸರ್ಯಾಗಿ ಬುಡಲ್ವಾ?"

ಬಿಡುತ್ತದೆ ಪಾಪಕ್ಕ ಎಂದೆ. ಮಾತು ಕೊಡುವುದಕ್ಕೆ ನನ್ನಂಥವರಿಗೆ ಏನು ಕಷ್ಟ?

ವರ್ಷವಿಡೀ ಆಕೆ ಒಂದು ಕಡ್ಡಿಗೂ ಕೈ ತಾಗಲು ಬಿಡಲಿಲ್ಲ. ಈ ಜನವರಿಯ ಹೊತ್ತಿಗೆ ಎಲೆ ಉದುರಿ ಬರೀ ಕಡ್ಡಿಗಳಾಗಿದ್ದವು. ತುದಿಯಲ್ಲಿ ಮಾತ್ರ ಕಡಲೆಕಾಳಿನಷ್ಟು ದಪ್ಪ ಮೊಗ್ಗು. ಇಪ್ಪತ್ತರಂದೇ ನಾವಿಬ್ಬರೂ ಹನ್ನೊಂದು ಕುಂಡಗಳನ್ನು ಹಿಂದಿನ ವರಾಂಡಕ್ಕೆ ಸಾಗಿಸಿ ಗ್ರಿಲ್‌ಗೆ ಬೀಗ ಹಾಕಿದೆವು. ಬೀಗದ ಕೈ ನನ್ನ ಹತ್ತಿರ. "ಯಾರ್ ಕೇಳಿದ್ರೂ ಕೊಡ್ಬೇಡಿ ಸಾ" ಎಂದು ಎರಡೆರಡು ಸಲ ಹೇಳಿದಳು.

ಇಪ್ಪತ್ತೈದರ ಮಧ್ಯಾಹ್ನ ಪಾಪಕ್ಕನನ್ನು ಮೈದಾನ ಗುಡಿಸಲು ಕಳಿಸಿದ್ದರು. ಲಕ್ಷ್ಮೀಪತಿಗಳು ನನ್ನ ಮೇಜಿನ ಮುಂದೆ ಬಂದು ನಿಂತರು.

"ಗೌರೀಶ್, ಕುಂಡ ಎಲ್ರೀ? ಧ್ವಜದ ಕಟ್ಟೆ ಮುಂದೆ ಸಾಲೇ ಖಾಲಿ ಹೊಡೀತಿದೆ. ನಾಳೆ ತುಮಕೂರಿಂದ ದೊಡ್ಡ ಸಾಹೇಬ್ರು ಬರ್ತಿದ್ದಾರೆ."

"ಸಾರ್, ಅವನ್ನ ಕತ್ತರಿಸಿದ್ರೆ ಹೂ ಬಿಡಲ್ಲ..."

"ಹೂವು ಆಮೇಲೆ ನೋಡೋಣ. ಒಣ ಕಡ್ಡಿ ನೋಡೋಕೆ ಬರ್ತಾರಾ ಅವ್ರು? ಕೀ ಕೊಡಿ."

ಕೊಟ್ಟೆ. ಜಗಳವಾಡಲಿಲ್ಲ, ಕಳೆದುಹೋಗಿದೆ ಎಂದು ಸುಳ್ಳು ಕೂಡ ಹೇಳಲಿಲ್ಲ. ಜೇಬಿಗೆ ಕೈ ಹಾಕಿ ತೆಗೆದು ಕೊಟ್ಟುಬಿಟ್ಟೆ. ಲಕ್ಷ್ಮೀಪತಿಯವರ ಮೇಲಿನ ಸಿಟ್ಟು ಒಂದು ತೂಕವಾದರೆ ನನ್ನ ಮೇಲಿನದು ಹತ್ತು ತೂಕ. ಸಂಜೆಯೊಳಗೆ ಹನ್ನೊಂದು ಕುಂಡಗಳು ಕೆಮ್ಮಣ್ಣು ಬಳಿದುಕೊಂಡು ಸಾಲಾಗಿ ನಿಂತಿದ್ದವು. ಒಂದೊಂದರಲ್ಲೂ ಗೇಣುದ್ದದ ಮೋಟುಗಳು. ಮೊಗ್ಗಿದ್ದ ತುದಿಗಳನ್ನು ಕಸದ ಗಾಡಿ ಆಗಲೇ ಒಯ್ದಿತ್ತು.

ಬೆಳಿಗ್ಗೆ ಪಾಪಕ್ಕ ಬಂದು ನೋಡಿದಳು. ಕುಂಡಗಳನ್ನು ನೋಡಿದಳು, ನನ್ನನ್ನು ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ಹೋಗಿ ಗುಂಪಿನ ಹಿಂದೆ ನಿಂತಳು.

ದೊಡ್ಡ ಸಾಹೇಬರು ಬಂದರು, ಬಾವುಟ ಏರಿಸಿದರು, ಬಾಬಾಸಾಹೇಬರ ಪಟಕ್ಕೆ ಹಾರ ಹಾಕಿದರು. ಸಂವಿಧಾನ ಎಲ್ಲರನ್ನೂ ಸಮಾನವಾಗಿ ಕಾಣುತ್ತದೆ ಎಂದು ಇಪ್ಪತ್ತು ನಿಮಿಷ ಭಾಷಣ ಮಾಡಿದರು. ಕೆಳಗಿಳಿದವರು ಕುಂಡಗಳ ಮುಂದೆ ನಿಂತರು.

"ಬಹಳ ನೀಟಾಗಿ ಇಟ್ಟಿದ್ದೀರಿ. ಯಾವ ಗಿಡ ಇದು?"

"ಷೋ ಗಿಡ ಸಾರ್" ಎಂದರು ಲಕ್ಷ್ಮೀಪತಿಗಳು ಕೈಕಟ್ಟಿಕೊಂಡು.

"ಷೋ ಗಿಡ ಅಲ್ಲ ಸ್ವಾಮಿ, ಹೂವಿನ್ ಗಿಡ!" ಹಿಂದಿನಿಂದ ಪಾಪಕ್ಕನ ದನಿ ಬಂತು. ಎಲ್ಲರೂ ತಿರುಗಿದರು. ಲಕ್ಷ್ಮೀಪತಿಗಳು ಕಣ್ಣು ಬಿಟ್ಟು ಹೆದರಿಸಿದರು. ಆಕೆ ಅವರ ಕಡೆ ತಿರುಗಿಯೂ ನೋಡದೆ ಜನರನ್ನು ಸರಿಸಿಕೊಂಡು ಮುಂದೆ ಬಂದಳು. "ಬಾಬಾಸಾಹೇಬ್ರ ಜಯಂತಿಗೆ ಅಂತ ಒಂದ್ ವರ್ಸದಿಂದ ಸಾಕಿದ್ದೆ. ಮೊಗ್ಗು ಬಂದಿತ್ತು. ನೀವ್ ಬತ್ತೀರ ಅಂತ ನಿನ್ನೆ ತಲೆ ಕುಯ್ದವ್ರೆ."

ನಾನು ಮುಂದಿನವರ ಬೆನ್ನ ಹಿಂದೆ ಸರಿದೆ. ಸಾಹೇಬರು ಒಳ್ಳೆಯವರೇ ಇರಬೇಕು, ಸಮಾಧಾನದ ದನಿಯಲ್ಲೇ ಹೇಳಿದರು: "ಹೋಗ್ಲಿ ಬಿಡಮ್ಮ. ಮುಂದಿನ ವರ್ಷ ಬಿಡುತ್ತೆ."

"ನೀವ್ ಬರ್ದೆ ಇದ್ರೆ ಬುಡ್ತೈತೆ ಸ್ವಾಮಿ" ಎಂದಳು ಪಾಪಕ್ಕ.